ಸ್ಪ್ಯಾಮ್, ಅನ್ನ, ಮೊಟ್ಟೆ: ಹವಾಯಿಯ ಬೆಳಗಿನ ತಿಂಡಿ ಮಾಡುವುದು ಹೇಗೆ?

ಅಮೆರಿಕದ ದ್ವೀಪರಾಜ್ಯ ಹವಾಯಿಯ ಹೊನೊಲುಲುವಿನಲ್ಲಿ ಓದುತ್ತಿದ್ದಾಗ ನಾನಿದ್ದದ್ದು ಒಂದು ಹಳೆಯ ಮರದ ಮನೆಯ ಹಿಂದಿನ ಕೋಣೆಯಲ್ಲಿ. ಭಾನುವಾರ ಬೆಳಿಗ್ಗೆ ಏಳು ಗಂಟೆಗೆಲ್ಲ ಮುಂದಿನ ಅಡುಗೆಮನೆಯಿಂದ ಚುರ್ ಅನ್ನುವ ಸದ್ದು ಬರುತ್ತಿತ್ತು. ಹಿಂದೆಯೇ ಸಕ್ಕರೆ, ಸೋಯಾ ಸಾಸ್ ಕಾಯುವ ವಾಸನೆ. ಮನೆಯೊಡತಿಯನ್ನು ನಾನು ಆಂಟಿ ಅನ್ನುತ್ತಿದ್ದೆ. ಹವಾಯಿಯಲ್ಲೂ ದೊಡ್ಡವರನ್ನು ನಮ್ಮ ಹಾಗೇ ಆಂಟಿ, ಅಂಕಲ್ ಅಂತ ಕರೆಯುತ್ತಾರೆ. ನೆಂಟರೇ ಆಗಿರಬೇಕು ಅಂತೇನಿಲ್ಲ. ಆಂಟಿ ಬಾಗಿಲು ತಟ್ಟಿ ಒಂದು ತಟ್ಟೆ ಕೈಗಿಟ್ಟು ಹೋಗುತ್ತಿದ್ದರು. ಬಿಸಿ ಅನ್ನ, ಎರಡು ತುಂಡು ಹುರಿದ ಸ್ಪ್ಯಾಮ್, ಒಂದು ಮೊಟ್ಟೆ.

ಇದು ಆರೋಗ್ಯಕ್ಕೆ ಒಳ್ಳೆಯ ತಿಂಡಿ ಅಲ್ಲ. ಅದರ ಲೆಕ್ಕವನ್ನು ಮುಂದೆ ಕೊಡುತ್ತೇನೆ. ಆದರೆ ವರ್ಷಕ್ಕೆ ಮೂರ್ನಾಲ್ಕು ಸಲ ತಿನ್ನುವುದಾದರೆ ಸರಿಯಾಗಿ ಮಾಡಿಯೇ ತಿನ್ನಬೇಕು. ಡಬ್ಬಿಯಿಂದ ತೆಗೆದು ಸುಮ್ನೆ ಬಿಸಿ ಮಾಡಿದರೆ ಬಾಯಿಗೆ ಉಪ್ಪು ಬಿಟ್ಟು ಬೇರೇನೂ ಸಿಗುವುದಿಲ್ಲ.

ಸ್ಪ್ಯಾಮ್ ಅಂದರೆ ಡಬ್ಬಿಯಲ್ಲಿ ಬರುವ ಹಂದಿ ಮಾಂಸ. ಅಮೆರಿಕದ ಮಿನ್ನೆಸೋಟ ರಾಜ್ಯದ ಆಸ್ಟಿನ್ ಎಂಬ ಊರಿನ ಹಾರ್ಮೆಲ್ ಕಂಪನಿ 1937ರಲ್ಲಿ ಇದನ್ನು ಮಾರಲು ಶುರು ಮಾಡಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರ ಊಟದ ಸಾಮಾನಿನ ಜೊತೆ ರಾಶಿ ರಾಶಿಯಾಗಿ ಹವಾಯಿಗೆ ಬಂತು. 1941ರ ಡಿಸೆಂಬರಿನಲ್ಲಿ ಅಲ್ಲಿನ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ನಂತರ ಜಪಾನಿ ಮೂಲದ ಮೀನುಗಾರರು ದೂರದ ಸಮುದ್ರಕ್ಕೆ ಹೋಗದಂತೆ ಕಟ್ಟುಪಾಡು ಹಾಕಿದರು. ಮೀನು ತಿಂದು ಬದುಕಿದ್ದ ಮನೆಗಳಿಗೆ ಮೀನೇ ಇಲ್ಲ. ಫ್ರಿಜ್ ಬೇಡದ, ಕೆಡದ ಈ ಡಬ್ಬಿ ಆಗ ಕೈಹಿಡಿಯಿತು. ಕಬ್ಬು, ಅನಾನಸ್ ತೋಟಗಳಿಗೆ ಕೂಲಿಗೆ ಬಂದಿದ್ದ ಜಪಾನ್, ಚೀನಾ, ಕೊರಿಯಾ, ಫಿಲಿಪೀನ್ಸಿನವರ ಮನೆಗಳಲ್ಲಿ ಅನ್ನ ಮೊದಲಿಂದಲೂ ಇತ್ತು. ಅದರ ಪಕ್ಕಕ್ಕೆ ಸ್ಪ್ಯಾಮ್ ಬಂದು ಕೂತಿತು. ಇವತ್ತು ಆ ಪುಟ್ಟ ರಾಜ್ಯದಲ್ಲಿ ವರ್ಷಕ್ಕೆ ಸುಮಾರು 70 ಲಕ್ಷ ಡಬ್ಬಿ ಖರ್ಚಾಗುತ್ತದೆ. ಅಲ್ಲಿನ ಮೆಕ್‌ಡೊನಾಲ್ಡ್ಸ್‌ನಲ್ಲೂ ಬೆಳಗಿನ ತಿಂಡಿಗೆ ಸ್ಪ್ಯಾಮ್, ಮೊಟ್ಟೆ, ಅನ್ನ ಸಿಗುತ್ತದೆ.

ಮೊದಲು ಅನ್ನ

ಅಲ್ಲಿ ಬಳಸುವುದು ಕ್ಯಾಲ್‌ರೋಸ್ ಅನ್ನುವ ಕ್ಯಾಲಿಫೋರ್ನಿಯಾದ ಅಕ್ಕಿ. ಅನ್ನ ಸ್ವಲ್ಪ ಅಂಟಂಟಾಗಿ ಬರುತ್ತದೆ. ನೀರು ತಿಳಿಯಾಗುವ ತನಕ ಮೂರ್ನಾಲ್ಕು ಸಲ ತೊಳೆದು, ಒಂದು ಲೋಟ ಅಕ್ಕಿಗೆ ಒಂದೂಕಾಲು ಲೋಟ ನೀರಿಡಿ. ಬೆಂದ ಮೇಲೆ ಮುಚ್ಚಳ ತೆಗೆಯದೆ ಹತ್ತು ನಿಮಿಷ ಬಿಡಿ. ಆ ಅಕ್ಕಿ ಸಿಗದಿದ್ದರೆ ಸೋನಾ ಮಸೂರಿ ಸಾಕು, ದಿನಾ ಹಾಕುವುದಕ್ಕಿಂತ ಸ್ವಲ್ಪ ಜಾಸ್ತಿ ನೀರು ಹಾಕಿ. ಬಿಡಿಬಿಡಿಯಾಗುವ ಬಾಸ್ಮತಿ ಬೇಡ. ಅನ್ನಕ್ಕೆ ಉಪ್ಪು ಹಾಕಲೇಬೇಡಿ. ಮಾಂಸದ ಉಪ್ಪನ್ನು ತಡೆದುಕೊಳ್ಳುವುದು ಈ ಸಪ್ಪೆ ಅನ್ನವೇ.

ಡಬ್ಬಿ ತೆರೆದು ಕತ್ತರಿಸುವುದು

ಡಬ್ಬಿ ಉಬ್ಬಿದ್ದರೆ, ಸೋರುತ್ತಿದ್ದರೆ ಯೋಚನೆ ಮಾಡದೆ ಎಸೆಯಿರಿ. ಹಂದಿ ತಿನ್ನದವರಿಗೆ ಟರ್ಕಿ ಕೋಳಿಯ ಸ್ಪ್ಯಾಮ್ ಕೂಡ ಇದೆ. ಉಂಗುರ ಹಿಡಿದು ಮುಚ್ಚಳ ಎಳೆಯಿರಿ. ಅಂಚು ಹರಿತ, ಬೆರಳು ಜೋಪಾನ. ತಲೆಕೆಳಗೆ ಹಿಡಿದು ಡಬ್ಬಿಯ ಎರಡೂ ಪಕ್ಕ ಮೆಲ್ಲಗೆ ಒತ್ತಿದರೆ ಗಾಳಿ ಒಳಗೆ ಹೋಗಿ, ಇಟ್ಟಿಗೆಯಂಥ ಗುಲಾಬಿ ಬಣ್ಣದ ಗಟ್ಟಿ ಜಾರಿ ಬರುತ್ತದೆ. ಡಬ್ಬಿಯನ್ನು ಎಸೆಯಬೇಡಿ, ತೊಳೆದಿಡಿ. ಅದರ ಕೆಲಸ ಇನ್ನೂ ಇದೆ.

340 ಗ್ರಾಂ ಡಬ್ಬಿಯಿಂದ ಎಂಟು ತುಂಡು ಮಾಡಿ. ಇದಕ್ಕಿಂತ ತೆಳ್ಳಗಾದರೆ ಒಣಗಿ ಚರ್ಮದ ಹಾಗಾಗುತ್ತದೆ. ದಪ್ಪಗಾದರೆ ಒಳಗೆ ಮೆತ್ತಮೆತ್ತಗೆ ಉಳಿಯುತ್ತದೆ. ಉಪ್ಪು ಕಡಿಮೆ ಬೇಕಿದ್ದರೆ ತುಂಡುಗಳನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಇಟ್ಟು ತೆಗೆಯಿರಿ. ಉಪ್ಪು, ಕೊಬ್ಬು ಎರಡೂ ಸ್ವಲ್ಪ ಇಳಿಯುತ್ತವೆ. ಆಮೇಲೆ ಪ್ರತಿ ತುಂಡನ್ನೂ ಎರಡೂ ಕಡೆ ಕಾಗದದ ಟವೆಲಿನಲ್ಲಿ ಒತ್ತಿ ಒರೆಸಿ. ಆಂಟಿ ಈ ಕೆಲಸ ಮಾತ್ರ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಮೇಲಿನ ಜೆಲ್ಲಿ, ತೇವ ಉಳಿದರೆ ತುಂಡು ಹುರಿಯುವುದಿಲ್ಲ, ಬೇಯುತ್ತದೆ. ಎಣ್ಣೆ ಕೈಗೂ ಸಿಡಿಯುತ್ತದೆ.

ಹುರಿಯುವುದು

ಇಡೀ ತಿಂಡಿಯ ರುಚಿ ಇರುವುದು ಇಲ್ಲೇ. ಮಾಂಸ ಡಬ್ಬಿಯೊಳಗೇ ಬೆಂದಿರುತ್ತದೆ, ಬೇಯಿಸುವ ಚಿಂತೆ ನಿಮಗಿಲ್ಲ. ನೀವು ಮಾಡಬೇಕಾದದ್ದು ಅದರ ಮೈಗೆ ಬಣ್ಣ ತರಿಸುವುದು.

ಕಬ್ಬಿಣದ ಬಾಣಲೆ ಇದ್ದರೆ ಅದೇ ಇರಲಿ. ಎಣ್ಣೆ ಒಂದು ಹನಿಯೂ ಬೇಡ, ಅದರ ಕೊಬ್ಬೇ ಕರಗಿ ಬರುತ್ತದೆ. ಉರಿ ಮಧ್ಯಮಕ್ಕಿಂತ ಸ್ವಲ್ಪ ಕಡಿಮೆ. ತುಂಡುಗಳನ್ನು ಒಂದಕ್ಕೊಂದು ತಾಗದಂತೆ ಜೋಡಿಸಿ ಕೈ ಕಟ್ಟಿ ನಿಲ್ಲಿ. ಒಂದು ನಿಮಿಷದಲ್ಲಿ ಅಂಚಿನ ಸುತ್ತ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಆಗ ತಿರುಗಿಸಲು ಕೈ ತುರಿಸುತ್ತದೆ, ತಿರುಗಿಸಬೇಡಿ. ಮೂರು ನಾಲ್ಕು ನಿಮಿಷಕ್ಕೆ ಸದ್ದು ತಗ್ಗಿ, ಗುಲಾಬಿ ಅಂಚು ಕಂದು ಬಣ್ಣಕ್ಕೆ ತಿರುಗುತ್ತದೆ. ತುಂಡು ತಾನಾಗಿಯೇ ಬಾಣಲೆ ಬಿಡುತ್ತದೆ. ಈಗ ಒಂದೇ ಸಲ ಮಗುಚಿ, ಆ ಕಡೆಗೂ ಅಷ್ಟೇ ಹೊತ್ತು ಕೊಡಿ.

ಕರಗಿದ ಕೊಬ್ಬನ್ನು ಬಟ್ಟಲಿಗೆ ಬಸಿದು ತೆಗೆಯಿರಿ. ಉರಿ ಪೂರ್ತಿ ಸಣ್ಣ ಮಾಡಿ, ಎರಡು ದೊಡ್ಡ ಚಮಚ ಸೋಯಾ ಸಾಸ್‌ನಲ್ಲಿ ಎರಡು ದೊಡ್ಡ ಚಮಚ ಸಕ್ಕರೆ ಕಲಸಿ ಸುರಿಯಿರಿ. ಅರ್ಧ ನಿಮಿಷದಲ್ಲಿ ಪಾಕ ಗಟ್ಟಿಯಾಗಿ ತುಂಡಿಗೆ ಹತ್ತುತ್ತದೆ. ಕಣ್ಣು ಆಚೆ ಈಚೆ ಹೋದರೆ ಸಕ್ಕರೆ ಸೀದು ಕಹಿಯಾಗುತ್ತದೆ. ಮೊಟ್ಟೆ ನಿಮ್ಮಿಷ್ಟ. ನನಗೆ ಹಳದಿ ಲೋಳೆ ಅರೆಬೆಂದು ಅನ್ನಕ್ಕೆ ಹರಿಯಬೇಕು. ಬಾಣಲೆಗೆ ಹಾಕಿ, ಉಪ್ಪು ಹಾಕದೆ ತೆಗೆದರಾಯಿತು.

ಎಷ್ಟು ತಿನ್ನಬಹುದು?

ಡಬ್ಬಿಯ ಮೇಲೆ ಬರೆದಿರುವುದು 56 ಗ್ರಾಂ ಲೆಕ್ಕ: 180 ಕ್ಯಾಲೊರಿ, 16 ಗ್ರಾಂ ಕೊಬ್ಬು, 790 ಮಿಲಿಗ್ರಾಂ ಸೋಡಿಯಂ. ನಮ್ಮ ಎರಡು ತುಂಡು ಸುಮಾರು 85 ಗ್ರಾಂ ತೂಗುತ್ತದೆ. ಅಂದರೆ 1,200 ಮಿಲಿಗ್ರಾಂ ಹತ್ತಿರ ಸೋಡಿಯಂ. ದೊಡ್ಡವರು ಇಡೀ ದಿನಕ್ಕೆ 2,000 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದರ ಮೇಲೆ ಸೋಯಾ ಸಾಸ್ ಬೇರೆ. ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ಪದಾರ್ಥಗಳ ಪಟ್ಟಿಗೆ ಸೇರಿಸಿತು. ದಿನಾ 50 ಗ್ರಾಂ ತಿನ್ನುವವರಲ್ಲಿ ಕರುಳಿನ ಕ್ಯಾನ್ಸರ್ ಅಪಾಯ ಶೇ 18ರಷ್ಟು ಹೆಚ್ಚು ಅಂತ ಅದು ಹೇಳಿತು.

ಹಾಗಾಗಿ ನನ್ನ ಮನೆಯಲ್ಲಿ ಡಬ್ಬಿ ತೆರೆಯುವುದು ನಾಲ್ಕು ಜನ ಇದ್ದಾಗ ಮಾತ್ರ. ಒಬ್ಬರಿಗೆ ಎರಡೇ ತುಂಡು. ಜೊತೆಗೆ ಸೌತೆಕಾಯಿ, ಪಪ್ಪಾಯ ಹಣ್ಣು. ಅವತ್ತು ಉಪ್ಪಿನಕಾಯಿ, ಹಪ್ಪಳ ಇಲ್ಲ. ಬಿಪಿ, ಹೃದಯ, ಕಿಡ್ನಿಯ ತೊಂದರೆ ಇರುವವರು ಇದನ್ನು ಬಿಟ್ಟುಬಿಡಿ. ಮಾಂಸ ಉಳಿದರೆ ಬೇರೆ ಡಬ್ಬಕ್ಕೆ ಹಾಕಿ ಫ್ರಿಜ್‌ನಲ್ಲಿಟ್ಟು ಮೂರು ದಿನದಲ್ಲಿ ಮುಗಿಸಿ.

ತೊಳೆದಿಟ್ಟ ಡಬ್ಬಿ

ಮಕ್ಕಳಿದ್ದರೆ ತಟ್ಟೆಗೆ ಬಡಿಸುವ ಬದಲು ಮುಸುಬಿ ಮಾಡಿ. ಅನ್ನದ ಮೇಲೆ ಸ್ಪ್ಯಾಮ್ ಇಟ್ಟು, ನೋರಿ ಅನ್ನುವ ಒಣ ಕಡಲಪಾಚಿಯ ಹಾಳೆ ಸುತ್ತಿದ ಬುತ್ತಿ ಇದು. ಕವಾಯಿ ದ್ವೀಪದ ಬಾರ್ಬರಾ ಫುನಮುರಾ 1980ರ ದಶಕದಲ್ಲಿ ಇದನ್ನು ಮೊದಲು ಮಾಡಿ ಮಾರಿದರು ಅಂತ ಬಹಳ ಜನ ಹೇಳುತ್ತಾರೆ.

ಡಬ್ಬಿಯ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚುಗಳು ಹೊರಗೆ ಇಳಿಬೀಳಲಿ. ಎರಡು ಬೆರಳು ದಪ್ಪ ಅನ್ನ ತುಂಬಿ, ಒದ್ದೆ ಚಮಚದಿಂದ ಒತ್ತಿ. ಮೇಲೆ ಒಂದು ತುಂಡು ಸ್ಪ್ಯಾಮ್. ಅದೇ ಅಚ್ಚು, ಅದೇ ಅಳತೆ, ಹಾಗಾಗಿ ಕೂದಲಷ್ಟೂ ಆಚೀಚೆ ಆಗದೆ ಕೂರುತ್ತದೆ. ಪ್ಲಾಸ್ಟಿಕ್ಕಿನ ಅಂಚು ಹಿಡಿದು ಮೇಲಕ್ಕೆ ಎಳೆದುಕೊಳ್ಳಿ. ಅರ್ಧಕ್ಕೆ ಕತ್ತರಿಸಿದ ನೋರಿಯನ್ನು ಸೊಂಟಪಟ್ಟಿಯ ಹಾಗೆ ಸುತ್ತಿ, ತುದಿಗೆ ಒಂದು ಹನಿ ನೀರು ಸವರಿ ಅಂಟಿಸಿ. ಮತ್ತೆ ಅದೇ ಪ್ಲಾಸ್ಟಿಕ್ಕಿನಲ್ಲಿ ಹತ್ತು ನಿಮಿಷ ಮುಚ್ಚಿಡಿ. ಬಿಚ್ಚುವ ಹೊತ್ತಿಗೆ ನೋರಿ ಮೆತ್ತಗಾಗಿ ಅನ್ನಕ್ಕೆ ಹತ್ತಿಕೊಂಡಿರುತ್ತದೆ, ಅಂಗೈಗೆ ಇನ್ನೂ ಬಿಸಿ ತಾಗುತ್ತಿರುತ್ತದೆ. ಆಗಲೇ ತಿನ್ನಿ.