ಕಟ್ಟಡ ಸಾಮಗ್ರಿಗಳ ಜೀವನಚಕ್ರ: ನಾನು ಲೆಕ್ಕ ಹಾಕಿದ ಬಗೆ

ಮೂರು ಅಂತಸ್ತಿನ ಕಚೇರಿ ಕಟ್ಟಡವೊಂದಕ್ಕೆ ಕಾಂಕ್ರೀಟ್ ಚೌಕಟ್ಟು ಲೇಸೋ, ಮರದ ಚೌಕಟ್ಟು ಲೇಸೋ ಎಂದು ಪರಿಸರದ ದೃಷ್ಟಿಯಿಂದ ಹೇಳಬೇಕಾಗಿ ಬಂದಾಗ, ನಾನು ಇಟ್ಟ ಮೊದಲ ಹೆಜ್ಜೆಯೇ ತಪ್ಪಿತು. ಒಂದು ಕಿಲೋ ಕಾಂಕ್ರೀಟಿಗೆ ಎಷ್ಟು ಇಂಗಾಲದ ಹೊರಸೂಸುವಿಕೆ, ಉಕ್ಕಿಗೆ ಎಷ್ಟು, ಮರಕ್ಕೆ ಎಷ್ಟು ಎಂದು ಕೋಷ್ಟಕ ಬರೆದೆ. ಅದರಲ್ಲಿ ಕಾಂಕ್ರೀಟ್ ಬಲು ಸಾಧುವಾಗಿ ಕಂಡಿತು. ಆದರೆ ಒಂದೇ ಭಾರವನ್ನು ಹೊರಲು ಈ ಮೂರೂ ಒಂದೇ ತೂಕದಲ್ಲಿ ಬೇಕಾಗುವುದಿಲ್ಲ. ತಯಾರಿಕೆಯಿಂದ ವಿಲೇವಾರಿಯವರೆಗಿನ ಪರಿಸರ ಪರಿಣಾಮವನ್ನು, ಅಂದರೆ ಜೀವನಚಕ್ರವನ್ನು, ಅಳೆಯುವ ಐಎಸ್‌ಒ 14040 ಮತ್ತು 14044 ಮಾನಕಗಳಲ್ಲಿ ಓದಿದ್ದ ‘ಕಾರ್ಯಾತ್ಮಕ ಘಟಕ’, ಅಂದರೆ ಒಂದೇ ಕೆಲಸವನ್ನು ಆಧಾರವಾಗಿಟ್ಟು ಹೋಲಿಸುವ ಅಳತೆ, ಆಗ ಅರ್ಥವಾಯಿತು. ಒಂದೇ ಭಾರವನ್ನು ಹೊತ್ತು, ಬೆಂಕಿಯನ್ನು ಅಷ್ಟೇ ಹೊತ್ತು ತಡೆದು, 60 ವರ್ಷ ನಿಲ್ಲುವ ಒಂದು ಚದರ ಮೀಟರ್ ಮಹಡಿಯನ್ನು ಅಳತೆಗೋಲಾಗಿ ಇಟ್ಟುಕೊಂಡು ಲೆಕ್ಕವನ್ನು ಮತ್ತೆ ಆರಂಭಿಸಿದೆ.

ಯಾವ ಸಾಮಗ್ರಿ ಎಷ್ಟು ಬೇಕೆಂದು ಹೇಳುವ ಪರಿಮಾಣ ಪಟ್ಟಿಯ ಘನ ಮೀಟರುಗಳನ್ನು ಕಿಲೋಗೆ ಇಳಿಸಿ, ಕೆಲಸದ ಜಾಗದಲ್ಲಿ ಹಾಳಾಗುವ ಪಾಲನ್ನೂ ಸೇರಿಸಿದೆ. ಒಂದು ಘನ ಮೀಟರ್ ಕಾಂಕ್ರೀಟಿನ ತೂಕ ಸುಮಾರು 2,400 ಕಿಲೋ. ನಮ್ಮ ಮಿಶ್ರಣದಲ್ಲಿ ಸಿಮೆಂಟ್ ಇದ್ದದ್ದು 300 ಕಿಲೋ ಮಾತ್ರ, ಆದರೂ ಹೊರಸೂಸುವಿಕೆಯ ಸಿಂಹಪಾಲು ಅದರದೇ. ಸಿಮೆಂಟ್ ಮಾಡಲು ಸುಣ್ಣಕಲ್ಲನ್ನು ಸುಡಬೇಕು; ಶುದ್ಧ ಸುಣ್ಣಕಲ್ಲು 100 ಕಿಲೋ ಸುಟ್ಟರೆ 56 ಕಿಲೋ ಸುಣ್ಣ ಉಳಿದು 44 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಗೂಡಿಗೆ ಯಾವ ಇಂಧನ ಹಾಕಿದರೂ ಇದು ತಪ್ಪದು. ಆದ್ದರಿಂದ ಸಾಗಣೆಯ ದೂರದ ಬಗ್ಗೆ ತಲೆ ಕೆಡಿಸಿಕೊಳ್ಳುವ ಮೊದಲು, ಸಿಮೆಂಟಿನ ಒಂದಷ್ಟು ಪಾಲಿನ ಬದಲು ಕಲ್ಲಿದ್ದಲು ಸುಟ್ಟಾಗ ಸಿಗುವ ಹಾರುಬೂದಿ ಬಳಸಬಹುದೇ ಎಂದು ವಿನ್ಯಾಸಕರನ್ನು ಕೇಳಿದೆ.

ನನ್ನನ್ನು ಹೆಚ್ಚು ಕಾಡಿದ್ದು ಮರ. ತಯಾರಕರ ಪರಿಸರ ಘೋಷಣಾ ಪತ್ರದಲ್ಲಿ ಅದರ ಅಂಕಿ ಋಣಾತ್ಮಕವಾಗಿತ್ತು. ಮರ ಹೆಚ್ಚು ಬಳಸಿದಷ್ಟೂ ಕಟ್ಟಡ ಪರಿಶುದ್ಧವಾಗುತ್ತದೆ ಎಂಬಂತೆ! ಆ ಪತ್ರವು ಜೀವನಚಕ್ರದ ಎ1ರಿಂದ ಎ3ರವರೆಗಿನ ಹಂತಗಳಿಗೆ, ಅಂದರೆ ಕಾರ್ಖಾನೆಯ ಬಾಗಿಲವರೆಗೆ ಮಾತ್ರ ಲೆಕ್ಕ ಕೊಟ್ಟಿತ್ತು. ಒಣ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. 450 ಕಿಲೋ ಒಣ ಮರದಲ್ಲಿರುವ 225 ಕಿಲೋ ಇಂಗಾಲವನ್ನು 44/12ರಿಂದ ಗುಣಿಸಿದರೆ, ಬೆಳೆಯುವಾಗ ಅದು ಹೀರಿಕೊಂಡ ಡೈಆಕ್ಸೈಡ್ 825 ಕಿಲೋ ಆಗುತ್ತದೆ. ಕಟ್ಟಡ ಕೆಡವಿದ ಮೇಲೆ ಆ ಮರವನ್ನು ಸುಟ್ಟರೆ ಅಷ್ಟೂ ಗಾಳಿಗೆ ಮರಳುತ್ತದೆ. ಕಟ್ಟಡದ ಬಾಳಿನ ಕೊನೆಯನ್ನು ಲೆಕ್ಕ ಹಾಕುವ ‘ಸಿ’ ಹಂತದಲ್ಲಿ ಅದನ್ನು ಕೂಡಿಸಲೇಬೇಕು. ಕೂಡಿಸಿದಾಗ ಋಣ ಚಿಹ್ನೆ ಮಾಯವಾಯಿತು. ಆಗಲೂ ಮರವೇ ಮುಂದಿತ್ತು, ಆದರೆ ಅಂತರ ಬಹಳ ತಗ್ಗಿತ್ತು.

ನೆಲಹಾಸಿನಲ್ಲಿ ಎಡವಿದ್ದು ಬರೀ ಎಣಿಕೆಯಿಂದ. 15 ವರ್ಷ ಬಾಳುವ ಹಾಸನ್ನು 60 ವರ್ಷದಲ್ಲಿ ನಾಲ್ಕು ಬಾರಿ ಬದಲಿಸಬೇಕೆಂದು ಬರೆದಿದ್ದೆ. ಮೊದಲು ಹಾಸಿದ್ದು ಆಗಲೇ ತಯಾರಿಕೆ ಮತ್ತು ನಿರ್ಮಾಣದ ‘ಎ’ ಹಂತದಲ್ಲಿ ಸೇರಿದ್ದರಿಂದ ಬದಲಾವಣೆಗಳು ಮೂರೇ.

ವರದಿಯಲ್ಲಿ ಪ್ರತಿ ಹಂತಕ್ಕೂ ಪ್ರತ್ಯೇಕ ಕಾಲಂ ಕೊಟ್ಟೆ. ಮರುಬಳಕೆಯ ಲಾಭ ತೋರಿಸುವ ‘ಡಿ’ ಭಾಗವನ್ನು, ಕಟ್ಟಡಗಳ ಲೆಕ್ಕಕ್ಕಿರುವ ಯುರೋಪಿನ ಮಾನಕ ಇಎನ್ 15978ರ ಕ್ರಮದಂತೆ, ಮೊತ್ತದ ಹೊರಗಿಟ್ಟೆ. ಅದನ್ನು ಕಳೆದು ಒಂದೇ ಅಂಕಿ ಕೊಡಿ ಎಂಬ ಒತ್ತಾಯ ಬಂದರೂ ನಾನು ಒಪ್ಪಲಿಲ್ಲ.