ಅರ್ಧ 95, ಅರ್ಧ 100: ನನ್ನ ಆಕ್ಟೇವಿಯಾಗೆ ಪೆಟ್ರೋಲ್ ಹೊಂದಿಸಿದ್ದು ಹೀಗೆ

ಸ್ಟೇಜ್ 1 ಮ್ಯಾಪ್, ಅಂದರೆ ಪವರ್ ಏರಿಸುವ ಇಂಜಿನ್ ಸಾಫ್ಟ್‌ವೇರ್, ಹಾಕಿಸಿದ ಟರ್ಬೊ ಕಾರಿಗೆ 100 ಆಕ್ಟೇನ್ ಪೆಟ್ರೋಲ್ ಬಿಟ್ಟು ಬೇರೇನೂ ಹಾಕಬಾರದು ಅಂತ ನಮ್ಮ ಗ್ಯಾಂಗ್‌ನಲ್ಲಿ ಅರ್ಧ ಜನ ಹೇಳುತ್ತಿದ್ದರು. ಉಳಿದವರು 95 ಸಾಕು, 100 ಅನ್ನೋದೆಲ್ಲ ಸುಮ್ನೆ ದುಡ್ಡು ದಂಡ ಅನ್ನುತ್ತಿದ್ದರು. (ಈ ನಂಬರ್ ಜಾಸ್ತಿ ಇದ್ದಷ್ಟೂ ನಾಕ್ ಕಮ್ಮಿ. ನಾಕ್ ಅಂದರೆ ಪೆಟ್ರೋಲ್ ತಾನಾಗಿಯೇ ಹೊತ್ತಿ ಇಂಜಿನ್ ಬಡಿದುಕೊಳ್ಳುವುದು.) ಎರಡನ್ನೂ ಬೆರೆಸಿ ಓಡಿಸುತ್ತೇನೆ ಅಂದಾಗ ಎರಡೂ ಕಡೆಯವರು ಸೇರಿಕೊಂಡು ಬೈದರು. "ಮಗಾ, ಇಂಜಿನ್ ತೆಗೀತೀಯ ನೀನು" ಅಂದವನೇ ಈಗ ತನ್ನ ಕಾರಿಗೂ ಬೆರೆಸಿ ಹಾಕುತ್ತಿದ್ದಾನೆ. ವರ್ಷದ ಮೇಲಾಯ್ತು, ಇಂಜಿನ್ ಡೇಟಾದ ಲಾಗ್‌ಗಳಿವೆ, ಪವರ್ ಅಳೆಯುವ ಡೈನೋ ಯಂತ್ರದ ಶೀಟ್ ಇದೆ, ಪ್ಲಗ್ ಬಿಚ್ಚಿ ನೋಡಿದ್ದೇನೆ. ಫೋನ್ ಮಾಡಿ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಒಂದೇ ಸಲ ಬರೆದುಬಿಡುತ್ತೇನೆ.

ಕಾರು 2015ರ ಸ್ಕೋಡಾ ಆಕ್ಟೇವಿಯಾ 1.8 ಟಿಎಸ್‌ಐ. ಶೋರೂಮಿನಿಂದ ಬಂದಾಗ 180 ಪಿಎಸ್ ಪವರ್, 250 ಎನ್‌ಎಂ ಟಾರ್ಕ್. ಅದರ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಕಂಪನಿ ಇಟ್ಟ ಮಿತಿಯೂ 250 ಎನ್‌ಎಂ ಅಂತ ನಿಮಗೆ ಗೊತ್ತೇ ಇದೆ. ಹಾಗಾಗಿ ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್ ಹಿಡಿದಿಟ್ಟು ಮೇಲೆ ಪವರ್ ಕೊಡುವ ಮ್ಯಾಪ್ ಕೇಳಿ ಹಾಕಿಸಿದೆ. ಮ್ಯಾಪಿಗೆ ಹತ್ತಿರ ಹತ್ತಿರ 50 ಸಾವಿರ ಹೋಯಿತು. ಟ್ಯೂನರ್ ಕೀ ಕೊಡುವಾಗ ಹೇಳಿದ್ದು ಒಂದೇ ಮಾತು: "ಸರ್, 100 ಹಾಕಿ. ಆಮೇಲೆ ನನ್ನ ಕೇಳಬೇಡಿ."

ನಾನು ಕೇಳಿದೆ. ಈ ಮ್ಯಾಪ್ ಫೈಲ್ ಮೊದಲು ಯಾವ ಪೆಟ್ರೋಲಿಗೆ ಬರೆದದ್ದು ಅಂತ. ಅಮೆರಿಕದ 93ಕ್ಕೆ ಅಂತ ಗೊತ್ತಾಯಿತು. ಇಲ್ಲೇ ಇರೋದು ವಿಷಯ. ಅಮೆರಿಕದ ಬಂಕ್ ಮೇಲೆ ಬರೆಯುವ ನಂಬರ್ ಎಕೆಐ, ಅಂದರೆ ಆಕ್ಟೇನ್ ಅಳೆಯುವ ಎರಡು ವಿಧಾನಗಳಾದ ರಾನ್ ಮತ್ತು ಮಾನ್ ನಂಬರ್‌ಗಳ ಸರಾಸರಿ. ನಮ್ಮ ಬಂಕ್‌ನಲ್ಲಿ ಬರೆಯೋದು ಬರೀ ರಾನ್. ಅವರ 91 ನಮ್ಮ 95ರ ಆಸುಪಾಸು. ಅವರ 93 ನಮ್ಮ 97-98. ಅಂದರೆ ನನ್ನ ಫೈಲ್ ಕೇಳುತ್ತಿದ್ದದ್ದು 98, 100 ಅಲ್ಲ. ನಮ್ಮಲ್ಲಿ 95 ಆದಮೇಲೆ ಸುಲಭಕ್ಕೆ ಸಿಗುವ ಮುಂದಿನ ಮೆಟ್ಟಿಲು 100, ಅದಕ್ಕೇ ಎಲ್ಲರೂ ಅದನ್ನೇ ಹೇಳಿಬಿಡುತ್ತಾರೆ. ಇದರ ಉಲ್ಟಾ ಕೂಡ ನಡೆಯುತ್ತದೆ, ಅದು ಇನ್ನೂ ಅಪಾಯ. ಹೊರಗಿನಿಂದ '91 ಆಕ್ಟೇನ್ ಫೈಲ್' ತರಿಸಿ, ನಮ್ಮ ಮಾಮೂಲಿ ಪೆಟ್ರೋಲಿನ ಕನಿಷ್ಠ ರಾನ್ 91 ಇದ್ದ ಕಾಲದಲ್ಲಿ ಎರಡೂ ಒಂದೇ ಅಂತ ಅದನ್ನೇ ಹೊಡೆಸಿಕೊಂಡು ಓಡಿಸುವವರನ್ನು ನೋಡಿದ್ದೇನೆ. ಅಲ್ಲಿಗೆ ನಾಲ್ಕು ಪಾಯಿಂಟ್ ಕಮ್ಮಿ.

ಬೆರೆಸುವ ಯೋಚನೆಗೆ ಬರುವ ಮೊದಲು ಬೇರೆ ಬೇರೆ ದಾರಿಗೆ ಸುಮಾರು ದುಡ್ಡು ಹೋಯಿತು. ಮೊದಲನೆಯದು ಆಕ್ಟೇನ್ ಬೂಸ್ಟರ್ ಬಾಟಲಿ. ಒಂದಕ್ಕೆ ಸಾವಿರದ ಮೇಲೆ, ಒಂದು ಟ್ಯಾಂಕಿಗೆ ಒಂದು. ಅದರ ಮೇಲೆ '30 ಪಾಯಿಂಟ್' ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅವರ ಲೆಕ್ಕದಲ್ಲಿ ಒಂದು ಪಾಯಿಂಟ್ ಅಂದರೆ 0.1 ಆಕ್ಟೇನ್. 30 ಪಾಯಿಂಟ್ ಅಂದರೆ 3 ಆಕ್ಟೇನ್, ಅದೂ ಎಲ್ಲ ಸರಿ ಇದ್ದರೆ. ಲಾಗ್‌ನಲ್ಲಿ ನನಗೆ ಕಂಡದ್ದು ಕಿಡಿಯ ಟೈಮಿಂಗ್‌ನಲ್ಲಿ ಒಂದು ಡಿಗ್ರಿಯೂ ಇಲ್ಲದ ಸುಧಾರಣೆ. ನಾಲ್ಕೈದು ಬಾಟಲಿ ಆದಮೇಲೆ ಪ್ಲಗ್ ಬಿಚ್ಚಿದರೆ ಪಿಂಗಾಣಿಯ ಮೇಲೆಲ್ಲ ಇಟ್ಟಿಗೆ ಬಣ್ಣದ ಪುಡಿ ಕೂತಿತ್ತು. ಅದು ಎಂಎಂಟಿ, ಮ್ಯಾಂಗನೀಸ್ ಇರುವ ಮದ್ದು. ಪ್ಲಗ್ ಸೆಟ್ ಬದಲಾಯಿಸಲು ಮತ್ತೆ ಖರ್ಚು. ಬಾಟಲಿ ಅಲ್ಲಿಗೇ ನಿಲ್ಲಿಸಿದೆ.

ಪೇಂಟ್ ಥಿನ್ನರ್‌ನಲ್ಲಿ ಬಳಸುವ ಟೊಲ್ಯೂಯಿನ್ ಬೆರೆಸು ಅಂತ ಹೇಳುವವರು ಇದ್ದೇ ಇರುತ್ತಾರೆ. ಅದರ ಆಕ್ಟೇನ್ ಜಾಸ್ತಿ ಅನ್ನೋದು ನಿಜ. ಆದರೆ ಅದರ ಹಬೆ ತಲೆಗೆ ಏರುತ್ತದೆ, ಸೀಲುಗಳಿಗೆ ಒಳ್ಳೆಯದಲ್ಲ, ಮನೆಯಲ್ಲಿ ಮಕ್ಕಳಿದ್ದಾರೆ. ನಾನು ಮುಟ್ಟಲಿಲ್ಲ.

ಆಮೇಲೆ ಪೂರ್ತಿ 100 ಹಾಕಿ ಕೆಲವು ತಿಂಗಳು ಓಡಿಸಿದೆ. ಕಾರು ಬೆಣ್ಣೆ ಹಾಗೆ ಓಡಿತು, ಸುಳ್ಳು ಹೇಳುವುದಿಲ್ಲ. ಇಂಡಿಯನ್ ಆಯಿಲ್ 2020ರ ಡಿಸೆಂಬರ್‌ನಲ್ಲಿ ಎಕ್ಸ್‌ಪಿ100 ಅನ್ನುವ 100 ಆಕ್ಟೇನ್ ಪೆಟ್ರೋಲ್ ತಂದಾಗ ಮೊದಲ ಕಂತಿನ ಊರುಗಳಲ್ಲಿ ಬೆಂಗಳೂರು ಇರಲಿಲ್ಲ, ಆಮೇಲೆ ಬಂತು. ಈಗ ಸಿಗುತ್ತದೆ, ಆದರೆ ಎಲ್ಲ ಬಂಕ್‌ನಲ್ಲೂ ಅಲ್ಲ. ನಾನು ಹಾಕಿಸುತ್ತಿದ್ದಾಗ ಲೀಟರ್ 160-165ರ ಸುತ್ತ ಇತ್ತು, 95 ಇದ್ದದ್ದು 110ರ ಸುತ್ತ. ರಿಸರ್ವ್ ಬಂದಾಗ 40 ಲೀಟರ್ ಹಾಕಿಸಿದರೆ ಪೂರ್ತಿ 100ಕ್ಕೆ 6,500ರ ಮೇಲೆ, ಪೂರ್ತಿ 95ಕ್ಕೆ 4,400, ಅರ್ಧರ್ಧಕ್ಕೆ 5,500. ತಿಂಗಳಿಗೆ ಮೂರು ಸಲ ತುಂಬಿಸುವವನಿಗೆ ಪೂರ್ತಿ 100ಕ್ಕಿಂತ ಇದರಲ್ಲಿ ಸುಮಾರು 3,000 ಉಳಿಯುತ್ತದೆ. ವರ್ಷಕ್ಕೆ ಒಂದು ಸೆಟ್ ಒಳ್ಳೆ ಟೈರಿನ ದುಡ್ಡು, ಅಲ್ವಾ?

ಈಗ ಅಳತೆ ಹೇಗೆ ಮಾಡಿದೆ ಅಂತ. ಕಿವಿಯನ್ನು ನಂಬಬೇಡಿ. ಈಗಿನ ಇಂಜಿನ್‌ಗಳಲ್ಲಿ ನಾಕ್ ಕಿವಿಗೆ ಬೀಳುವ ಮೊದಲೇ ಇಸಿಯು, ಅಂದರೆ ಇಂಜಿನ್ ಕಂಪ್ಯೂಟರ್, ಕಿಡಿಯ ಟೈಮಿಂಗನ್ನು ಕೆಲವು ಡಿಗ್ರಿ ಹಿಂದಕ್ಕೆ ಎಳೆದಿರುತ್ತದೆ. ಕಾರಿನ ಡೇಟಾ ಓದುವ ವಿಸಿಡಿಎಸ್ ಕೇಬಲ್ ಹಾಕಿ ನಾಲ್ಕೂ ಸಿಲಿಂಡರಿನ ರಿಟಾರ್ಡ್ (ಹೀಗೆ ಹಿಂದಕ್ಕೆ ಎಳೆದ ಡಿಗ್ರಿ), ಇನ್‌ಟೇಕ್ ಗಾಳಿಯ ಬಿಸಿ, ಬೂಸ್ಟ್ (ಟರ್ಬೊ ಒತ್ತಡ), ಆರ್‌ಪಿಎಂ ಇಷ್ಟನ್ನೇ ಲಾಗ್ ಮಾಡಿದೆ. ಜಾಸ್ತಿ ಚಾನೆಲ್ ಆರಿಸಿದರೆ ಸ್ಯಾಂಪಲ್ ನಿಧಾನವಾಗಿ ನಡುವಿನ ನಾಕ್ ತಪ್ಪಿಹೋಗುತ್ತದೆ. ಒಂದೇ ಏರು, ಒಂದೇ ಗೇರು, ಡಿಎಸ್‌ಜಿ ಮ್ಯಾನುವಲ್‌ನಲ್ಲಿ, ಪೂರ್ತಿ ಆಕ್ಸಿಲರೇಟರ್. ಬೇಕಾದ ಡೇಟಾ ವೇಗದ ಮಿತಿ ದಾಟುವ ಮೊದಲೇ ಸಿಗುತ್ತದೆ, ಅದಕ್ಕಾಗಿ ರಸ್ತೆಯಲ್ಲಿ ಹುಚ್ಚಾಟ ಬೇಡ. ಉಳಿದ ಮೇಲಿನ ಆರ್‌ಪಿಎಂ ಡೈನೋದಲ್ಲಿ ಮಾಡಿ. ಪೆಟ್ರೋಲ್ ಬದಲಿಸಿದ ಮೊದಲ ಟ್ಯಾಂಕ್‌ನ ಲಾಗ್ ಎಸೆದುಬಿಡಿ. ಹಳೆಯ ಪೆಟ್ರೋಲ್ ಕೆಳಗೆ ಏಳೆಂಟು ಲೀಟರ್ ಉಳಿದಿರುತ್ತದೆ, ಇಸಿಯು ಕೂಡ ಕಲಿಯಲು ಸಮಯ ತಗೊಳ್ಳುತ್ತದೆ. ಎರಡನೇ ಟ್ಯಾಂಕ್ ಅರ್ಧ ಆದಮೇಲೆ ಲಾಗ್ ಮಾಡಿ.

ನೆನಪಿನಿಂದ ಹೇಳುತ್ತಿದ್ದೇನೆ, ಒಂದರ್ಧ ಡಿಗ್ರಿ ಆಚೀಚೆ ಇರಬಹುದು. ಏಪ್ರಿಲ್ ಬಿಸಿಲಲ್ಲಿ ಬರೀ 95 ಹಾಕಿದಾಗ ಎರಡು ಮತ್ತು ಮೂರನೇ ಸಿಲಿಂಡರಿನಲ್ಲಿ 5-6 ಡಿಗ್ರಿ ಎಳೆಯುತ್ತಿತ್ತು. ಕಾಲು ಭಾಗ 100 ಬೆರೆಸಿದಾಗ 3ಕ್ಕೆ ಇಳಿಯಿತು. ಅರ್ಧ ಬೆರೆಸಿದಾಗ ಒಂದು, ಒಂದೂವರೆ. ಪೂರ್ತಿ 100ಕ್ಕೆ ಒಂದರ ಒಳಗೆ. ಡೈನೋದಲ್ಲಿ 95ಕ್ಕೂ ಅರ್ಧರ್ಧಕ್ಕೂ ಚಕ್ರದಲ್ಲಿ ಅಳೆದ ಪವರ್‌ನಲ್ಲಿ 12 ಎಚ್‌ಪಿ ವ್ಯತ್ಯಾಸ. ಅರ್ಧರ್ಧಕ್ಕೂ ಪೂರ್ತಿ 100ಕ್ಕೂ ಎರಡೋ ಮೂರೋ. ಅದೇ ಕಾರನ್ನು ಹತ್ತು ನಿಮಿಷ ಬಿಟ್ಟು ಮತ್ತೆ ಓಡಿಸಿದರೂ ಅಷ್ಟು ವ್ಯತ್ಯಾಸ ಡೈನೋನೇ ತೋರಿಸುತ್ತದೆ. ಈ ಶೀಟ್ ನೋಡಿದ ಮೇಲೆ ಟ್ಯೂನರ್ ಸುಮ್ಮನಾದರು. ಆಮೇಲೆ ಲಾಗ್ ಕಳಿಸಿ ಸರ್ ಅಂತ ಅವರೇ ಕೇಳಿದರು.

ಮ್ಯಾಪ್ ಇಲ್ಲದ ಕಾರಿಗೂ ಇದನ್ನು ಮಾಡಬೇಕಾ ಅಂತ ಕೇಳುತ್ತೀರಿ. ಬೇಡ. ನಮ್ಮ ಗ್ಯಾಂಗಿನ ಒಬ್ಬರ ಸ್ಟಾಕ್ ಆಕ್ಟೇವಿಯಾದಲ್ಲಿ ಇದೇ ಏರಿನಲ್ಲಿ ಅಳೆದೆ. 95ಕ್ಕೂ 100ಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಎಳೆಯದೇ ಇರುವ ಟೈಮಿಂಗನ್ನು ವಾಪಸ್ ಕೊಡೋಕೆ ಆಗಲ್ಲ. ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರ್ ಎಷ್ಟು ಹೇಳುತ್ತದೋ ಅಷ್ಟು ಹಾಕಿ, ಉಳಿದ ದುಡ್ಡಲ್ಲಿ ಒಳ್ಳೆ ಆಯಿಲ್ ಹಾಕಿಸಿ.

ಇನ್ನೊಬ್ಬನ ಪೋಲೊ ಜಿಟಿ ಟಿಎಸ್‌ಐ ಕಥೆಯೇ ಬೇರೆ. ಪೂರ್ತಿ 100 ಹಾಕಿದರೂ ಅವನ ಲಾಗ್ ಕೆಟ್ಟದಾಗಿಯೇ ಬರುತ್ತಿತ್ತು. ಅದರಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಚಿಮ್ಮುವುದರಿಂದ ಇನ್‌ಟೇಕ್ ವಾಲ್ವ್ ತೊಳೆಯುವವರಿಲ್ಲ. ಬಿಚ್ಚಿ ನೋಡಿದರೆ ವಾಲ್ವ್ ಹಿಂದೆ ಕಾರ್ಬನ್ ಕಪ್ಪಗೆ ಗಟ್ಟಿ ಕಟ್ಟಿತ್ತು, ಪಿಸ್ಟನ್ ತಲೆಯ ಮೇಲೂ ಇತ್ತು. ವಾಲ್‌ನಟ್ ಬ್ಲಾಸ್ಟಿಂಗ್ (ಅಕ್ರೋಟ್ ಸಿಪ್ಪೆಯ ಪುಡಿ ಚಿಮ್ಮಿಸಿ ಕಾರ್ಬನ್ ಕೀಳುವುದು) ಮಾಡಿಸಿ ಪ್ಲಗ್ ಬದಲಿಸಿದ ಮೇಲೆ ಅದೇ ಕಾರು 95ರಲ್ಲೇ ನೆಟ್ಟಗಾಯಿತು. ಲಾಗ್ ಕೆಟ್ಟಿದೆ ಅಂದರೆ ಮೊದಲು ಪ್ಲಗ್, ಕಾಯಿಲ್, ಕಾರ್ಬನ್ ನೋಡಿ. ನಾನೂ ಪ್ಲಗ್ ಗ್ಯಾಪ್ 0.7 ಮಿಲಿಮೀಟರಿಗೆ ಇಳಿಸಿದ್ದೇನೆ. ಹೀಟ್ ರೇಂಜ್ (ಪ್ಲಗ್ ಎಷ್ಟು ಬೇಗ ಬಿಸಿ ಬಿಟ್ಟುಕೊಡುತ್ತದೆ ಅನ್ನುವ ನಂಬರ್) ಯಾವುದು ಹಾಕಿದೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ, ಅದು ನಿಮ್ಮ ಮ್ಯಾಪ್ ಮೇಲೆ ಹೋಗುತ್ತದೆ. ಜನ ನಂಬರ್ ನೋಡಿ ತಂದು ಹಾಕಿಬಿಡುತ್ತಾರೆ.

ಎಥನಾಲ್ ಬಗ್ಗೆ ಹೇಳಲೇಬೇಕು. 2023ರ ಫೆಬ್ರವರಿಯಲ್ಲಿ ಇ20 (ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್) ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ. ಎಥನಾಲ್‌ನ ಆಕ್ಟೇನ್ 108ರ ಮೇಲೆ, ಆದರೆ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗ ಅಷ್ಟೇ. ನಾಕ್ ಕಮ್ಮಿ, ಮೈಲೇಜೂ ಕಮ್ಮಿ. ನಾನು ತುಂಬಿಸುವ ಬಂಕ್‌ಗಳ ಪೆಟ್ರೋಲನ್ನು ಮನೆಯ ಹಿತ್ತಲಲ್ಲಿ, ಬೆಂಕಿಯಿಂದ ದೂರ, ಪರೀಕ್ಷೆ ಮಾಡಿದೆ. 100 ಮಿಲಿ ಗಾಜಿನ ಅಳತೆ ಕೊಳವೆಗೆ 10 ಮಿಲಿ ನೀರು, 90 ಮಿಲಿ ಪೆಟ್ರೋಲ್. ಮುಚ್ಚಿ ಕುಲುಕಿ, ತಿಳಿಯಾಗಲು ಬಿಡಬೇಕು. ಎಥನಾಲ್ ನೀರಿನ ಜೊತೆ ಕೆಳಗೆ ಇಳಿಯುತ್ತದೆ. 95ರಲ್ಲಿ ಕೆಳಗಿನ ಪದರ 10ರಿಂದ 27ರ ಹತ್ತಿರ ಏರಿತು, ಅಂದರೆ ಹತ್ತಿರ ಹತ್ತಿರ ಶೇ. 19. 100ರ ಸ್ಯಾಂಪಲ್‌ನಲ್ಲಿ ಗೆರೆ 10ರಿಂದ ಅಲ್ಲಾಡಲಿಲ್ಲ. ಆಗ ನನಗೆ ನಿಜಕ್ಕೂ ಖುಷಿಯಾಯಿತು. ಅರ್ಧರ್ಧ ಬೆರೆಸಿದರೆ ನನ್ನ ಟ್ಯಾಂಕಿನಲ್ಲಿರೋದು ಇ10 ಆಯಿತು. ಹತ್ತು ವರ್ಷದ ಕಾರಿನ ರಬ್ಬರ್ ಪೈಪುಗಳಿಗೆ ಇ20ಗಿಂತ ಅದೇ ವಾಸಿ. ಮೈಲೇಜ್ ಹೈವೇಯಲ್ಲಿ ಲೀಟರಿಗೆ ಅರ್ಧದಿಂದ ಮುಕ್ಕಾಲು ಕಿಲೋಮೀಟರ್ ಜಾಸ್ತಿ ಬರುತ್ತಿದೆ. ಇದನ್ನು ನಾನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ.

ಎಲ್ಲ ಸರಿ ಹೋಗುತ್ತಿರುವಾಗ ಒಂದು ಟ್ಯಾಂಕ್ ಕೈಕೊಟ್ಟಿತು. ಅದೇ ಬೆರಕೆ, ಅದೇ ಏರು, ಆದರೆ 4 ಡಿಗ್ರಿ ಎಳೆತ. ಬಿಲ್ ತೆಗೆದು ನೋಡಿದರೆ 100 ಹಾಕಿಸಿದ್ದು ಬೇರೆ ಬಂಕ್‌ನಲ್ಲಿ. ವಿಚಾರಿಸಿದಾಗ ಅಲ್ಲಿ 100ಕ್ಕೆ ಗಿರಾಕಿಯೇ ಇಲ್ಲ, ಲೋಡ್ ಬಂದು ಬಹಳ ದಿನ ಆಗಿತ್ತು ಅಂತ ಹುಡುಗನೇ ಹೇಳಿದ. ಕಾರಣ ಅದೇ ಅಂತ ಸಾಬೀತು ಮಾಡೋಕೆ ನನ್ನ ಹತ್ತಿರ ಲ್ಯಾಬ್ ಇಲ್ಲ, ಆದರೆ ಅಲ್ಲಿ ಹಾಕಿಸೋದು ಬಿಟ್ಟ ಮೇಲೆ ಮತ್ತೆ ಹಾಗಾಗಲಿಲ್ಲ. ಈಗ ನೋಜಲ್ ಹಾಕುವ ಮೊದಲು ಲೋಡ್ ಯಾವಾಗ ಬಂತು ಅಂತ ಕೇಳುತ್ತೇನೆ. ಬಿಲ್ ಮೇಲಿನ ಡೆನ್ಸಿಟಿ ನೋಡಿ ಆಕ್ಟೇನ್ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ. ಫಿಲ್ಟರ್ ಪೇಪರ್ ಪರೀಕ್ಷೆಯೂ ಕಲಬೆರಕೆಯ ಕಲೆ ತೋರಿಸುತ್ತದೆಯೇ ಹೊರತು ಆಕ್ಟೇನ್ ತೋರಿಸುವುದಿಲ್ಲ.

ಊರು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ರಾತ್ರಿ ತಂಪು. ಇಲ್ಲಿ ಸರಿ ಇದ್ದ ಬೆರಕೆ ಮಂಗಳೂರಿಗೆ ಇಳಿದು ಮೇ ತಿಂಗಳ ಮಧ್ಯಾಹ್ನ ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಸಾಲಲಿಲ್ಲ. ಲಾರಿಗಳ ಹಿಂದೆ ನಿಧಾನಕ್ಕೆ ಹೋಗಿ ಹೋಗಿ ಇನ್‌ಟೇಕ್ ಗಾಳಿ 60 ಡಿಗ್ರಿ ದಾಟಿತ್ತು, ಓವರ್‌ಟೇಕ್ ಮಾಡುವಾಗ 3 ಡಿಗ್ರಿ ಎಳೆಯಿತು. ಕರಾವಳಿಗೆ ಹೋಗುವಾಗ ಈಗ 100ರ ಪಾಲು ಜಾಸ್ತಿ ಮಾಡುತ್ತೇನೆ. ಮಳೆಗಾಲದಲ್ಲಿ ಅದೇ ಘಾಟಿಯಲ್ಲಿ ಅರ್ಧರ್ಧವೇ ಧಾರಾಳ ಸಾಕಾಯಿತು. ಗಾಳಿಯೂ ತಂಪು, ತೇವ ಇದ್ದರೆ ನಾಕ್ ಕೂಡ ಕಮ್ಮಿ.

ತುಂಬಿಸುವ ಕ್ರಮದಲ್ಲಿ ನನ್ನದೊಂದು ಉಪಾಯ ಇದೆ, ಅದರಿಂದ ಬೆರಕೆ ಟ್ಯಾಂಕಿನಿಂದ ಟ್ಯಾಂಕಿಗೆ ಆಚೀಚೆ ಆಗೋದಿಲ್ಲ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಎದುರು ಸಿಕ್ಕವರಿಗೆ ತೋರಿಸುತ್ತೇನೆ. ಆದರೆ ಒಂದು ಮಾತು ಮುಚ್ಚಿಡುವಂಥದ್ದಲ್ಲ: ಎಷ್ಟೇ ಆಕ್ಟೇನ್ ಇದ್ದರೂ ದೊಡ್ಡ ಗೇರಿನಲ್ಲಿ 1,500 ಆರ್‌ಪಿಎಂನಿಂದ ಪೂರ್ತಿ ಒತ್ತಬೇಡಿ. ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ಗಳಲ್ಲಿ ಅಲ್ಲಿ ಆಗುವ ಎಲ್‌ಎಸ್‌ಪಿಐ (ಕಿಡಿ ಹಾರುವ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುವುದು) ಒಂದೇ ಏಟಿಗೆ ಪಿಸ್ಟನ್ ಒಡೆಯಬಹುದು. ಗೇರ್ ಇಳಿಸಿ, ಆಮೇಲೆ ಒತ್ತಿ.

ಚೆನ್ನೈ ಟ್ರ್ಯಾಕ್‌ಗೆ ಹೋಗುವ ದಿನ ಮಾತ್ರ ಈ ಲೆಕ್ಕ ಯಾವುದೂ ಇಲ್ಲ. ಆಯಿಲ್ ಬಿಸಿ, ಇನ್‌ಟೇಕ್ ಬಿಸಿ, ಒಂದರ ಹಿಂದೊಂದು ಲ್ಯಾಪ್. ಅವತ್ತು ಪೂರ್ತಿ 100. ಹಿಂದಿನ ಟ್ಯಾಂಕನ್ನು ರಿಸರ್ವ್‌ವರೆಗೆ ಓಡಿಸಿ ಖಾಲಿ ಮಾಡಿಕೊಂಡು, ಆಮೇಲೆ ತುಂಬಿಸುತ್ತೇನೆ. ಮುಂದಿನ ಸಲ ಇನ್‌ಟೇಕ್ ಗಾಳಿ ತಣಿಸುವ ದೊಡ್ಡ ಇಂಟರ್‌ಕೂಲರ್ ಹಾಕಿಸಿ ಅದೇ ಟ್ರ್ಯಾಕ್‌ನಲ್ಲಿ ಅರ್ಧರ್ಧ ನೋಡುವ ಆಸೆ ಇದೆ. ಪಾರ್ಟ್ ಬುಕ್ ಮಾಡಿದ್ದೇನೆ, ಇನ್ನೂ ಬಂದಿಲ್ಲ.