ಮುಗಿಯದ ಟಿವಿಯನ್ನು ಮುಗಿಸುವುದು ಹೇಗೆ

ನಮ್ಮ ಮನೆ ನಾಪೋಕ್ಲು ಕಡೆ. ಸ್ವಲ್ಪ ಕಾಫಿ ತೋಟ, ಎದುರಿಗೆ ಗದ್ದೆ, ಹಿಂದೆ ಬೆಟ್ಟ. ಆರು ವರ್ಷದ ಮಗಳಿದ್ದಾಳೆ. ಮಳೆ ರಜೆ ಬಂದರೆ ಅಣ್ಣನ ಮಗನೂ ಇಲ್ಲಿಗೇ ಬರುತ್ತಾನೆ, ಅವನಿಗೆ ಒಂಬತ್ತು. ಜುಲೈನಲ್ಲಿ ಜಿಲ್ಲಾಧಿಕಾರಿ ರಜೆ ಘೋಷಿಸಿದರು ಅಂದರೆ ಕೊಡಗಿನ ಅಮ್ಮಂದಿರಿಗೆ ಗೊತ್ತು, ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ, ಒಳಗೆ ಇಟ್ಟುಕೊಂಡು ಕೆಲಸ ಮಾಡುವ ಹಾಗೂ ಇಲ್ಲ. ಟಿವಿ ಹಾಕಲೇಬೇಕು. "ನಮ್ಮ ಮಕ್ಕಳು ಟಿವಿ ನೋಡೋದೇ ಇಲ್ಲ" ಅನ್ನುವವರಿಗೆ ದೂರದಿಂದಲೇ ನಮಸ್ಕಾರ, ಈ ಬರಹ ನಿಮಗಲ್ಲ. ಹಾಕಿದ ಮೇಲೆ ಆರಿಸುವುದಕ್ಕೆ ಒದ್ದಾಡುವವರು ಮುಂದೆ ಓದಿ.

ಮೊದಲು ನಿಮ್ಮದೇ ಬಾಲ್ಯದ ಲೆಕ್ಕ ಹಾಕಿ. ವಾರಕ್ಕೆ ಎಷ್ಟು ಹೊತ್ತು ಟಿವಿ ನೋಡುತ್ತಿದ್ರಿ? ನಾನು ಹಾಕಿದೆ. ದೂರದರ್ಶನ ಒಂದೇ ಇದ್ದ ಕಾಲದಲ್ಲಿ, ಭಾನುವಾರ ಬೆಳಗ್ಗೆದು ಬಿಟ್ಟರೆ ಮಕ್ಕಳದ್ದು ಅಂತ ನಮಗೆ ಸಿಗುತ್ತಿದ್ದದ್ದು ತೀರಾ ಕಡಿಮೆ. ಅದರಲ್ಲೂ ಅರ್ಧ ಹೊತ್ತು ಆಂಟೆನಾ ತಿರುಗಿಸುವುದರಲ್ಲೇ ಹೋಗುತ್ತಿತ್ತು. ಅಪ್ಪ ಮಾಡಿನ ಮೇಲೆ, ಅಣ್ಣ ಅಂಗಳದಲ್ಲಿ, ನಾನು ಟಿವಿ ಮುಂದೆ. "ಬಂತಾ?" "ಬಂತು... ಹೋಯ್ತು." ಬೆಟ್ಟದ ಆ ಮಗ್ಗುಲಿನ ಮನೆಗೆ ಚೆನ್ನಾಗಿ ಬರುತ್ತಿತ್ತು, ನಮಗೆ ಬರೀ ಚುಕ್ಕಿ. ಎಲ್ಲ ಸರಿಯಾಗಿ ಕಾರ್ಯಕ್ರಮ ಶುರುವಾದರೂ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಅದಾದ ಮೇಲೆ ಹಿಂದಿಯಲ್ಲಿ ಯಾರೋ ದೊಡ್ಡವರು ಕೂತು ಮಾತಾಡುವುದು ಬರುತ್ತಿತ್ತು. ಯಾರೂ ಬಯ್ಯಬೇಕಿರಲಿಲ್ಲ, ನಾವೇ ಎದ್ದು ಹೋಗುತ್ತಿದ್ದೆವು.

ಬದಲಾಗಿದ್ದು ಇದೇ. ಈಗಿನ ಮಕ್ಕಳ ಕಾರ್ಯಕ್ರಮ ಕೆಟ್ಟು ಹೋಗಿದೆ ಅಂತ ನಾನು ಒಪ್ಪುವುದಿಲ್ಲ. ಜೇನುಗೂಡಿನ ಒಳಗೆ, ಸಮುದ್ರದ ತಳದಲ್ಲಿ ಕ್ಯಾಮೆರಾ ಇಟ್ಟು ತೋರಿಸುತ್ತಾರೆ, ನಮಗೆಲ್ಲಿತ್ತು ಅದು. ಆದರೆ ನಮ್ಮ ಟಿವಿ ತಾನಾಗಿ ಮುಗಿಯುತ್ತಿತ್ತು, ಇವರದ್ದು ಮುಗಿಯುವುದಿಲ್ಲ. ಮುಗಿಸುವ ಕೆಲಸ ಈಗ ಮನೆಯವರ ಪಾಲಿಗೆ ಬಂದಿದೆ. ಅದನ್ನು ನಮ್ಮನೆಯಲ್ಲಿ ಹೇಗೆ ಮಾಡುತ್ತೇವೆ ಅಂತ ಹೇಳುತ್ತೇನೆ, ನಿಮಗೆ ಹೊಂದುವುದನ್ನು ತೆಗೆದುಕೊಳ್ಳಿ.

ನಿಮಿಷ ಎಣಿಸಬೇಡಿ, ಕಂತು ಎಣಿಸಿ. "ಇನ್ನು ಹತ್ತೇ ನಿಮಿಷ" ಅಂದರೆ ಆರು ವರ್ಷದ ಮಗುವಿಗೆ ಅದೇನೂ ಅಲ್ಲ, ಕಥೆಯ ಮಧ್ಯದಲ್ಲಿ ಆರಿಸಿದರೆ ಅಳು ಖಂಡಿತ. "ಎರಡು ಕಥೆ" ಅಂದರೆ ಅರ್ಥವಾಗುತ್ತದೆ, ಯಾಕೆಂದರೆ ಕಥೆಗೆ ಕೊನೆ ಇದೆ. ಎಷ್ಟು ಕಂತು ಅನ್ನುವುದಕ್ಕೆ ಒಂದು ಅಳತೆ ಬೇಕಾದರೆ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಹೀಗೆ: ಎರಡು ವರ್ಷ ತುಂಬುವ ತನಕ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು. ನನ್ನ ಮಗಳು ಆ ವಯಸ್ಸು ದಾಟಿದರೂ ನಾವು ಅದೇ ಅಳತೆ ಇಟ್ಟುಕೊಂಡಿದ್ದೇವೆ. ಮಳೆ ರಜೆಯಲ್ಲಿ ಮೀರುತ್ತದೆ. ಸುಳ್ಳು ಯಾಕೆ ಹೇಳಲಿ.

ಹೊತ್ತು ಒಂದೇ ಇರಲಿ. ನಮ್ಮಲ್ಲಿ ಸಂಜೆ ಐದೂವರೆ, ಕಾಫಿ ತಿಂಡಿ ಆದ ಮೇಲೆ. ಬೆಳಗ್ಗೆ ಕೇಳಿದರೂ, ಮಧ್ಯಾಹ್ನ ಕೇಳಿದರೂ ಉತ್ತರ ಒಂದೇ, "ಐದೂವರೆಗೆ." ಒಂದು ವಾರ ಗಲಾಟೆ ಮಾಡಿದಳು. ಆಮೇಲೆ ಗಡಿಯಾರ ನೋಡುವುದನ್ನು ತಾನೇ ಕಲಿತಳು, ಅದು ಬೋನಸ್ಸು.

ಇನ್ನೊಂದು, ಫೋನ್ ಕೊಡಬೇಡಿ, ಟಿವಿಯಲ್ಲೇ ಹಾಕಿ. ಟಿವಿ ನಡುಮನೆಯಲ್ಲಿ ಇರುತ್ತದೆ, ಹೋಗಿ ಬರುವವರೆಲ್ಲ ಏನು ನಡೆದಿದೆ ಅಂತ ನೋಡುತ್ತಾರೆ, ಅಜ್ಜಿ ಒಂದು ಮಾತು ಸೇರಿಸುತ್ತಾರೆ. ಫೋನ್ ಹಿಡಿದ ಮಗು ಕಂಬಳಿ ಒಳಗೆ ಹೋದರೆ ಮುಗಿಯಿತು. ಒಮ್ಮೆ ನಾನು ಒಲೆ ಮುಂದೆ ಇದ್ದೆ, ಮಗಳ ಕೈಯಲ್ಲಿ ಫೋನ್ ಇತ್ತು, ಬೆಕ್ಕಿನ ಚಿತ್ರ ಬರೆಯುವುದು ಹೇಗೆ ಅಂತ ಹಾಕಿಕೊಟ್ಟಿದ್ದೆ. ಅಕ್ಕಿ ರೊಟ್ಟಿ ಬೇಯಿಸಿ ಬರುವಷ್ಟರಲ್ಲಿ ಬೆಕ್ಕು ಎಲ್ಲೋ ಹೋಗಿ, ಯಾವುದೋ ದೇಶದ ಹುಡುಗ ಆಟಿಕೆಯ ಡಬ್ಬಿ ಒಡೆದು ತೋರಿಸುತ್ತಾ ಕೂತಿದ್ದ. ಅವಳು ಒತ್ತಿರಲಿಲ್ಲ, ಅದೇ ಓಡಿಕೊಂಡು ಹೋಗಿತ್ತು. ಹಾಗಾಗಿ ಇವತ್ತೇ ಮಾಡಬೇಕಾದ ಕೆಲಸ, ಸೆಟ್ಟಿಂಗ್ಸ್‌ಗೆ ಹೋಗಿ, ಮುಂದಿನ ವಿಡಿಯೋ ತಾನಾಗಿ ಓಡಿಸುವ ಆಟೋಪ್ಲೇ ಆಫ್ ಮಾಡಿ. ಯೂಟ್ಯೂಬ್ ಕಿಡ್ಸ್ ಆ್ಯಪ್ ಇದ್ದರೆ ಅದರಲ್ಲಿ ಟೈಮರ್ ಇದೆ, ಹುಡುಕುವ ಸೌಲಭ್ಯ ನಿಲ್ಲಿಸಬಹುದು, ನೀವು ಒಪ್ಪಿದ ಚಾನೆಲ್ ಮತ್ತು ವಿಡಿಯೋ ಮಾತ್ರ ಕಾಣುವ ಹಾಗೂ ಮಾಡಬಹುದು. ಮೂರನೆಯದು ಸ್ವಲ್ಪ ಕೆಲಸ ಕೊಡುತ್ತದೆ, ಕೂತು ಒಂದೊಂದೇ ಆಯ್ಕೆ ಮಾಡಬೇಕು, ಆದರೆ ಒಮ್ಮೆ ಮಾಡಿದರೆ ಆರು ತಿಂಗಳು ನೆಮ್ಮದಿ. ಈ ಸೆಟ್ಟಿಂಗ್ಸ್‌ಗೆ ಇರುವ ದೊಡ್ಡವರ ಬೀಗ ತೆಗೆಯಲು ಆ್ಯಪ್ ಒಂದು ಗುಣಾಕಾರದ ಲೆಕ್ಕ ಕೇಳುತ್ತದೆ. ಒಂಬತ್ತು ವರ್ಷದವನಿಗೆ ಮಗ್ಗಿ ಬರುತ್ತದೆ ಅನ್ನುವುದು ನನಗೆ ಹೊಳೆದಿರಲಿಲ್ಲ. "ಅತ್ತೆ, ಏಳೆಂಟ್ಲ ಐವತ್ತಾರು ಅಲ್ವಾ?" ಅಂತ ಕೇಳಿ ಖಚಿತ ಮಾಡಿಕೊಂಡೇ ತೆರೆದಿದ್ದಾನೆ. ನೀವು ಮೊದಲೇ ನಿಮ್ಮದೇ ಗುಟ್ಟಿನ ಸಂಖ್ಯೆ ಇಡಿ.

ಈಗ ಮುಖ್ಯ ವಿಷಯ, ಒಳ್ಳೆಯ ಕಾರ್ಯಕ್ರಮ ಆಯ್ಕೆ ಮಾಡುವುದು ಹೇಗೆ. ಹೆಸರಿನಲ್ಲಿ ಕಲಿಕೆ, ಲರ್ನಿಂಗ್ ಅಂತ ಇದ್ದ ಮಾತ್ರಕ್ಕೆ ಏನೂ ಇಲ್ಲ.

ಅಮೆರಿಕದಲ್ಲಿ ಸೆಸಮೆ ಸ್ಟ್ರೀಟ್ ಅಂತ ಒಂದು ಮಕ್ಕಳ ಕಾರ್ಯಕ್ರಮ 1969ರಲ್ಲಿ ಶುರುವಾಯಿತು, ನಮ್ಮಲ್ಲಿ 2006ರಲ್ಲಿ ಅದರ ಹಿಂದಿ ರೂಪ ಬಂತು. ಅದನ್ನು ಮಾಡುವಾಗ ಎಡ್ವರ್ಡ್ ಪಾಮರ್ ಅನ್ನುವ ಸಂಶೋಧಕ ಒಂದು ಉಪಾಯ ಮಾಡಿದ್ದ. ಮಗುವನ್ನು ಟಿವಿ ಮುಂದೆ ಕೂರಿಸಿ, ಪಕ್ಕದಲ್ಲೇ ಇನ್ನೊಂದು ಪರದೆಯ ಮೇಲೆ ಏಳೂವರೆ ಸೆಕೆಂಡಿಗೊಂದು ಬೇರೆ ಬೇರೆ ಚಿತ್ರ ಹಾಕುತ್ತಿದ್ದ. ಮಗು ಯಾವಾಗ ಟಿವಿ ಬಿಟ್ಟು ಆ ಚಿತ್ರದ ಕಡೆ ತಿರುಗುತ್ತದೋ ಅಲ್ಲಿ ಕಾರ್ಯಕ್ರಮ ಸಪ್ಪೆ ಅಂತ ಬರೆದುಕೊಳ್ಳುವುದು, ಆ ಭಾಗ ತಿದ್ದುವುದು. ಬುದ್ಧಿವಂತ ಕೆಲಸ. ನಾನೂ ಮನೆಯಲ್ಲಿ ಮಾಡಿ ನೋಡಿದೆ, ಟಿವಿ ಪಕ್ಕ ಕೂತು ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಾ, ಬೆಕ್ಕನ್ನು ಕರೆಯುತ್ತಾ. ಮಗಳು ಒಮ್ಮೆಯೂ ತಿರುಗಲಿಲ್ಲ. ಆವತ್ತು ಹಾಕಿದ್ದು ಬರೀ ಗದ್ದಲದ, ಎರಡು ಸೆಕೆಂಡಿಗೊಮ್ಮೆ ಚಿತ್ರ ಬದಲಾಗುವ ವಿಡಿಯೋ! ಆಗ ಗೊತ್ತಾಯಿತು, ಈಗ ಕಣ್ಣು ಹಿಡಿದಿಡುವುದು ಎಲ್ಲರಿಗೂ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಹಾಗಾಗಿ ನನ್ನ ಪರೀಕ್ಷೆ ಟಿವಿ ಆರಿಸಿದ ಮೇಲೆ ಶುರು. ಹತ್ತು ನಿಮಿಷ ಬಿಟ್ಟು, ಬೇರೇನೋ ಕೆಲಸದ ನಡುವೆ, "ಏನಾಯ್ತು ಅದರಲ್ಲಿ?" ಅಂತ ಸುಮ್ನೆ ಕೇಳಿ. ಪರೀಕ್ಷೆ ತೆಗೆದುಕೊಳ್ಳುವ ದನಿಯಲ್ಲಿ ಬೇಡ. "ಇರುವೆ ಇತ್ತು, ಅದು ಎಲೆ ಹೊತ್ಕೊಂಡು ಹೋಯ್ತು, ತಿನ್ನಲಿಕ್ಕೆ ಅಲ್ಲ ಅಮ್ಮ, ಅದರ ಮೇಲೆ ಅಣಬೆ ಬೆಳೆಸ್ಲಿಕ್ಕೆ" ಅಂತ ಹೇಳಿದರೆ ಆ ಕಾರ್ಯಕ್ರಮ ಇರಲಿ. "ಚೆನ್ನಾಗಿತ್ತು" ಅಷ್ಟೇ ಬಂದರೆ ಇನ್ನೊಂದು ಸಲ ನೋಡಿ. ಆಗಲೂ ಅಷ್ಟೇ ಆದರೆ ಪಟ್ಟಿಯಿಂದ ತೆಗೆಯಿರಿ. ಯಾವುದನ್ನೂ ಪಟ್ಟಿಗೆ ಸೇರಿಸುವ ಮುಂಚೆ ಒಂದು ಕಂತು ಪೂರ್ತಿ ನೀವೇ ನೋಡಿ, ಅರ್ಧ ಅಲ್ಲ, ಪೂರ್ತಿ. ಪಾತ್ರಗಳು ಉಸಿರಾಡಲಿಕ್ಕೆ ಬಿಡುತ್ತಾರಾ, ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿರುತ್ತಾರಾ, ಮಧ್ಯೆ ಮಧ್ಯೆ ಏನಾದರೂ ಕೊಳ್ಳಲು ಹೇಳುತ್ತಾರಾ, ಇಷ್ಟು ನೋಡಿದರೆ ಸಾಕು.

ನೋಡಿದ್ದನ್ನೇ ಮತ್ತೆ ಮತ್ತೆ ನೋಡುತ್ತೇನೆ ಅಂದರೆ ಬಯ್ಯಬೇಡಿ. 1996ರಲ್ಲಿ ಅಮೆರಿಕದಲ್ಲೇ ಶುರುವಾದ ಬ್ಲೂಸ್ ಕ್ಲೂಸ್ ಅನ್ನುವ ಕಾರ್ಯಕ್ರಮದವರು ಒಂದೇ ಕಂತನ್ನು ವಾರದಲ್ಲಿ ಐದು ದಿನವೂ ಹಾಕುತ್ತಿದ್ದರು, ಬೇಕಂತಲೇ. ಮೊದಲ ದಿನ ಮಗು ಸುಮ್ಮನೆ ನೋಡುತ್ತದೆ, ಐದನೇ ದಿನ ಉತ್ತರ ಕೂಗುತ್ತದೆ. ಪುಟ್ಟ ಮಕ್ಕಳಿಗೆ ಹೊಸದಕ್ಕಿಂತ ಗೊತ್ತಿರುವುದೇ ಇಷ್ಟ, ಅಜ್ಜಿ ಹೇಳುವ ಒಂದೇ ಕಥೆ ನೂರು ಸಲ ಕೇಳಿಲ್ವಾ ನಾವು. ಸಾವಿರ ವಿಡಿಯೋ ಇರುವ ಕಡೆ ಹತ್ತೇ ಇಟ್ಟುಕೊಂಡರೂ ನಡೆಯುತ್ತದೆ.

ಭಾಷೆಯದ್ದು ಕೊಡಗಿನಲ್ಲಿ ಒಂದು ಪ್ರತ್ಯೇಕ ಕಥೆ. ನಾವು ನೋಡಿದ್ದರಲ್ಲಿ ಬಹಳಷ್ಟು ಹಿಂದಿ. ಕನ್ನಡದಲ್ಲಿ ಡಬ್ಬಿಂಗ್‌ಗೆ ದಶಕಗಟ್ಟಲೆ ವಿರೋಧ ಇತ್ತು, ಅದಕ್ಕೆ ಬೇರೆ ಬೇರೆ ಕಾರಣಗಳಿದ್ದವು, ಆ ಜಗಳಕ್ಕೆ ನಾನು ಈಗ ಹೋಗುವುದಿಲ್ಲ. ಏನೇ ಇರಲಿ, ಹಿಂದಿ ಗೊತ್ತಿದ್ದ ದೊಡ್ಡಮ್ಮನ ಮಗ ಪಕ್ಕದಲ್ಲಿ ಕೂತು ಹೇಳಿದ್ದೇ ನಮಗೆ ಕಾರ್ಯಕ್ರಮ. ಅರ್ಧ ಸುಳ್ಳು ಹೇಳುತ್ತಿದ್ದ ಅಂತ ಆಮೇಲೆ ಗೊತ್ತಾಯಿತು. 2009ರಲ್ಲಿ ಚಿಂಟು ಟಿವಿ ಬಂದ ಮೇಲೆ ಮಕ್ಕಳಿಗೆ ಕನ್ನಡದಲ್ಲೇ ಒಂದು ಚಾನೆಲ್ ಆಯಿತು, ಈಗಂತೂ ಬೇಕಾದಷ್ಟಿದೆ. ಆದರೆ ನಮ್ಮ ಕಡೆ ಮನೆಯಲ್ಲಿ ಕೊಡವ ತಕ್ಕ್ ಇರಬಹುದು, ಅರೆಭಾಷೆ ಇರಬಹುದು, ಮಲಯಾಳ, ತುಳು ಇರಬಹುದು. ಟಿವಿಯ ಕನ್ನಡ ಇವು ಯಾವುದರ ಹಾಗೂ ಇಲ್ಲ. ನಮ್ಮವಳು ಒಂದು ದಿನ ಬಿದ್ದು "ಓಹ್, ಇಲ್ಲ!" ಅಂದಳು. ಅಯ್ಯೋ ಅನ್ನುವುದನ್ನು ಬಿಟ್ಟು! ಅದಕ್ಕೆ ಮಾಡಿದ ಉಪಾಯ ಇದು: ನೋಡಿದ ಕಥೆಯನ್ನು ಅಜ್ಜಿಗೆ ಮನೆ ಮಾತಿನಲ್ಲೇ ಹೇಳಬೇಕು. ಅಜ್ಜಿಗೆ ಡೈನೋಸಾರ್ ಗೊತ್ತಿಲ್ಲ, ಹಾಗಾಗಿ ಮೊದಲಿನಿಂದ ವಿವರಿಸಬೇಕಾಗುತ್ತದೆ. "ಆನೆಗಿಂತ ದೊಡ್ಡದಾ?" ಅಂತ ಅಜ್ಜಿ ಕೇಳುತ್ತಾರೆ, ತೋಟಕ್ಕೆ ಆನೆ ನುಗ್ಗುವ ಊರಿನಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆ ಯಾವುದಿದೆ.

ಪ್ರಶ್ನೆ ಅಂದಾಗ ನೆನಪಾಯಿತು. ನಮ್ಮ ಕಾಲದ್ದರಲ್ಲಿ ನನಗೆ ನಿಜಕ್ಕೂ ಹೊಟ್ಟೆಕಿಚ್ಚು ಇರುವುದು ಕಾಗದ ಬರೆಯುವುದರ ಬಗ್ಗೆ. ಟರ್ನಿಂಗ್ ಪಾಯಿಂಟ್ ಅನ್ನುವ ವಿಜ್ಞಾನ ಕಾರ್ಯಕ್ರಮ ಇತ್ತು, ನಮ್ಮ ಗಿರೀಶ್ ಕಾರ್ನಾಡರು ನಡೆಸಿಕೊಡುತ್ತಿದ್ದರು, ನೋಡುಗರು ಕಳಿಸಿದ ಪ್ರಶ್ನೆಗೆ ಪ್ರೊಫೆಸರ್ ಯಶಪಾಲ್ ಕೂತು ಉತ್ತರ ಹೇಳುತ್ತಿದ್ದರು. ಯಾವ ಪ್ರಶ್ನೆಯನ್ನೂ ದಡ್ಡ ಪ್ರಶ್ನೆ ಅನ್ನುತ್ತಿರಲಿಲ್ಲ. ಸುರಭಿ ಅನ್ನುವ ಇನ್ನೊಂದು ಕಾರ್ಯಕ್ರಮದ ಸ್ಪರ್ಧೆಗೆ ಎಷ್ಟು ಅಂಚೆ ಕಾರ್ಡು ಬರುತ್ತಿತ್ತು ಅಂದರೆ ಅಂಚೆ ಇಲಾಖೆ ಸ್ಪರ್ಧೆಗಳಿಗೆಂದೇ 2 ರೂಪಾಯಿಯ ಬೇರೆ ಕಾರ್ಡ್ ತಂದಿತು, ಮಾಮೂಲಿ ಕಾರ್ಡು 15 ಪೈಸೆ ಇದ್ದಾಗ. ಈಗ ಕೆಳಗೆ ಲೈಕ್ ಒತ್ತಿ ಅನ್ನುತ್ತಾರೆ, ಅಷ್ಟೇ.

ಇದನ್ನು ಮನೆಯಲ್ಲಿ ಮಾಡಬಹುದು. ಟಿವಿ ಪಕ್ಕ ಒಂದು ನೋಟ್‌ಬುಕ್ ಮತ್ತು ಪೆನ್ಸಿಲ್ ಇಡಿ. ನೋಡುವಾಗ ಬಂದ ಪ್ರಶ್ನೆಯನ್ನು ಅದರಲ್ಲಿ ಬರೆಯುವುದು, ಬರೆಯಲು ಬಾರದಿದ್ದರೆ ಚಿತ್ರ. ಉತ್ತರ ತಕ್ಷಣ ಹುಡುಕಿ ಕೊಡಬೇಡಿ, ಫೋನ್ ತೆಗೆಯಲೇಬೇಡಿ. ಭಾನುವಾರದ ತನಕ ಇರಲಿ. ಆ ದಿನ ಎಲ್ಲರೂ ಕೂತು ಒಂದೊಂದಾಗಿ ನೋಡುತ್ತೇವೆ, ಗೊತ್ತಿಲ್ಲದ್ದನ್ನು ಒಂದು ಅಂಚೆ ಕಾರ್ಡಿನಲ್ಲಿ ಬರೆದು ಮೈಸೂರಿನಲ್ಲಿರುವ ಮಾವನಿಗೆ ಹಾಕುತ್ತೇವೆ, ಅವರು ಮೇಷ್ಟ್ರಾಗಿದ್ದವರು. ಕಾರ್ಡ್ ಈಗಲೂ 50 ಪೈಸೆಯೇ. ಉತ್ತರ ಬರಲು ಒಂದು ವಾರ. ಆ ಒಂದು ವಾರ ಅವಳು ದಿನಾ ಪೋಸ್ಟ್‌ಮ್ಯಾನ್ ದಾರಿ ಕಾಯುವುದನ್ನು ನೋಡಬೇಕು ನೀವು.

ಒಂಬತ್ತು ಹತ್ತು ವರ್ಷದವರಿಗೆ ಚಂದನದಲ್ಲಿ ಥಟ್ ಅಂತ ಹೇಳಿ ಹಾಕಿ. 2002ರಿಂದ ನಾ. ಸೋಮೇಶ್ವರ ಅವರು ನಡೆಸುತ್ತಿದ್ದಾರೆ, ಗೆದ್ದವರಿಗೆ ಪುಸ್ತಕ ಕೊಡುತ್ತಾರೆ. ಮನೆಯವರೂ ಎರಡು ತಂಡ ಮಾಡಿಕೊಂಡು ಟಿವಿಗಿಂತ ಮುಂಚೆ ಉತ್ತರ ಕೂಗಬೇಕು, ಸೋತವರು ಪಾತ್ರೆ ತೊಳೆಯಬೇಕು. ನಾನು ಜಾಸ್ತಿ ತೊಳೆಯುತ್ತಿದ್ದೇನೆ.

ಶಾಲೆಯ ಪಾಠವೇ ಬೇಕು ಅನ್ನುವವರಿಗೆ ಎರಡು ಮಾತು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಚಂದನದಲ್ಲಿ ಸೇತುಬಂಧ ಪಾಠಗಳು ಬಂದವು, ನೆಟ್‌ವರ್ಕ್‌ಗಾಗಿ ಬೆಟ್ಟ ಹತ್ತುತ್ತಿದ್ದ ನಮ್ಮ ಮಕ್ಕಳಿಗೆ ಅದು ಎಷ್ಟೋ ಮೇಲು. ಈಗ ಕೇಂದ್ರ ಸರ್ಕಾರದ ಪಾಠದ ಚಾನೆಲ್‌ಗಳಾದ ಪಿಎಂ ಇ-ವಿದ್ಯಾ ಡಿಡಿ ಫ್ರೀ ಡಿಶ್‌ನಲ್ಲಿ ಬರುತ್ತವೆ, ತಿಂಗಳ ಬಾಡಿಗೆ ಇಲ್ಲ. ಸುಮಾರು ಪಾಠ ಮೇಷ್ಟ್ರು ನಿಂತು ಹೇಳುವುದೇ, ಪುಟ್ಟವರು ಕೂರುವುದಿಲ್ಲ, ಹೈಸ್ಕೂಲಿನವರಿಗೆ ಸರಿ. ಡಿಶ್ ಕೂರಿಸುವಾಗ ಒಂದು ಗಮನಿಸಿ: ಫ್ರೀ ಡಿಶ್‌ನ ಉಪಗ್ರಹ ನಮಗೆ ಸುಮಾರು ಆಗ್ನೇಯ ದಿಕ್ಕಿನಲ್ಲಿ, 65 ಡಿಗ್ರಿಯಷ್ಟು ಎತ್ತರದಲ್ಲಿದೆ. ಅಂದರೆ ಬೆಟ್ಟ ಅಡ್ಡ ಬರುವುದು ಕಡಿಮೆ, ಅಡ್ಡ ಬರುವುದು ನಿಮ್ಮದೇ ತೋಟದ ಸಿಲ್ವರ್ ಓಕ್ ಮರ. ನಾವು ಮೂರು ಸಲ ಜಾಗ ಬದಲಾಯಿಸಿ ಕೊನೆಗೆ ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಇಟ್ಟೆವು.

ಜೋರು ಮಳೆಗೆ ಡಿಶ್ ಸಿಗ್ನಲ್ ಹೋಗುತ್ತದೆ, ಅದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ. ಮುಂಗಾರಿಗೆ ಮುಂಚೆ, ಪೇಟೆಗೆ ಹೋದಾಗ, ಶಾಲಾ ಪಾಠಗಳಿರುವ ದೀಕ್ಷಾ ಆ್ಯಪ್‌ನಲ್ಲಿ ಬೇಕಾದ ಪಾಠ ಇಳಿಸಿಟ್ಟುಕೊಳ್ಳಿ, ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ತೋರಿಸಿದರೆ ನೇರ ಅಲ್ಲಿಗೇ ಹೋಗುತ್ತದೆ. ಏಪ್ರಿಲ್ ಮೇಯಲ್ಲಿ ಗುಡುಗು ಶುರುವಾದ ಕೂಡಲೇ ಪ್ಲಗ್ ಜೊತೆಗೆ ಡಿಶ್ಶಿನ ಕೇಬಲ್ಲನ್ನೂ ಕಳಚಿ. ಪ್ಲಗ್ ಮಾತ್ರ ಕಿತ್ತು ನಾವು ಒಂದು ಟಿವಿ ಸುಟ್ಟುಕೊಂಡಿದ್ದೇವೆ.

ಇಷ್ಟೆಲ್ಲ ಮಾಡಿದರೂ ಕಥೆಯ ಮಧ್ಯದಲ್ಲೇ ಕರೆಂಟ್ ಹೋಗುತ್ತದೆ, ಆಗಸ್ಟ್‌ನಲ್ಲಿ ಹೋದರೆ ಎರಡು ದಿನ ಬರುವುದಿಲ್ಲ. ಹೋದ ವರ್ಷ ಹಾಗೇ ಆಯಿತು. ಮರಿ ಆನೆ ಹೊಳೆ ದಾಟುತ್ತಿತ್ತು, ಟಿವಿ ಆರಿತು. ಮೊದಲು ಅಳು, ಆಮೇಲೆ ಮೇಣದ ಬತ್ತಿ ಹಚ್ಚಿ ಕೂತು ಮುಂದೇನಾಗಬಹುದು ಅಂತ ಒಬ್ಬೊಬ್ಬರು ಹೇಳಿದೆವು. ಅಣ್ಣನ ಮಗನದ್ದರಲ್ಲಿ ಮೊಸಳೆ ಬಂತು. ಮಗಳದ್ದರಲ್ಲಿ ಆನೆ ಹೊಳೆ ದಾಟಿ ನಮ್ಮ ಗದ್ದೆಗೇ ಬಂತು, ಅಜ್ಜಿ ಓಡಿಸಿದರು. ಕರೆಂಟ್ ಬಂದ ಮೇಲೆ ಆ ಕಂತು ಹಾಕಲೇ ಅಂತ ಕೇಳಿದೆ. "ಬೇಡ ಅಮ್ಮ, ಅದು ಮುಗೀತಲ್ವಾ" ಅಂದಳು.